ಹಕ್ಕಿ ಕುಯ್ದ ಕೈ

ಗೂಡಿನ ಮೂಲೆಗೆ ತಲೆ ತುರುಕಿ ಕೂತಿದ್ದ ಹೆಣ್ಣು ಗೌಜಲಕ್ಕಿಯನ್ನು ಅನುಪಮಾ ಕೈಹಾಕಿ ಎತ್ತಿಕೊಂಡಳು. ನೆತ್ತಿಯ ಮೇಲೆ ಒಂದು ಪುಕ್ಕವೂ ಉಳಿದಿರಲಿಲ್ಲ. ಚರ್ಮ ಸುಲಿದು ಹಸಿಹಸಿಯಾಗಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಗೂಡಿನಲ್ಲಿ ಗಂಡುಗಳು ಹೆಚ್ಚಾದರೆ ಹೀಗೇ. ಒಂದಾದ ಮೇಲೊಂದು ಬಂದು ಹೆಣ್ಣಿನ ಬೆನ್ನು ಹತ್ತುತ್ತವೆ, ಜಾರದಿರಲೆಂದು ಅದರ ನೆತ್ತಿಯನ್ನೇ ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತವೆ. ಹೆಣ್ಣು ಸಿಗದಿದ್ದರೆ ತಮ್ಮತಮ್ಮಲ್ಲೇ ಕಣ್ಣು ಕುಕ್ಕಿಕೊಳ್ಳುತ್ತವೆ. ಅವಳು ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಗಾಯಕ್ಕೆ ಹಚ್ಚಿ, ಹಕ್ಕಿಯನ್ನು ಒಂದು ಮಂಕರಿಯ ಕೆಳಗೆ ಬಿಟ್ಟು, ಮನೆಯ ಕಡೆ ತಿರುಗಿ ನೋಡಿದಳು. ಜಗಲಿಯ ಮೇಲೆ ಮೈದುನ ಮೋಹನ್ ಫೋನಿನಲ್ಲಿ ಯಾರಿಗೋ ತನ್ನ ಹಕ್ಕಿಗಳ ಗುಣಗಾನ ಮಾಡುತ್ತಿದ್ದ.

ಈ ಗೂಡಿನ ಹತ್ತಿರ ಇನ್ನು ಸುಳಿಯುವುದಿಲ್ಲ ಎಂದು ಅವಳು ಶಪಥ ಮಾಡಿ ಆಗಲೇ ಸುಮಾರು ದಿನವಾಗಿತ್ತು. ಆ ಶಪಥ ಮಾಡಿದ್ದು ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಿಳಿಗೆರೆಯ ಬೀರಲಿಂಗಯ್ಯನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಕಾಂತೇಶ್, ಅನುಪಮಾಳ ಗಂಡ, ಎಳನೀರು ಲಾರಿ ಓಡಿಸುತ್ತಿದ್ದ. ಹೊರಟನೆಂದರೆ ಮತ್ತೆ ಮನೆ ಸೇರುವುದು ಎರಡು ಮೂರು ದಿನಕ್ಕೆ. ತೋಟ ನೋಡಿಕೊಳ್ಳುತ್ತಿದ್ದವನು ಕಿರಿಯವನು ಮೋಹನ್. ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿಸಿದ ಮೇಲೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಹಾಗೆ ಕೂತಿದ್ದಾಗ ಯಾವುದೋ ವಿಡಿಯೊ ನೋಡಿ ಕೊಬ್ಬರಿ ಅಟ್ಟದ ಪಕ್ಕ ಜಾಲರಿ ಗೂಡು ಕಟ್ಟಿಸಿ ಗೌಜಲಕ್ಕಿ ತಂದು ಬಿಟ್ಟ. ಹಿಂದೆಯೇ ಮರಿ ಮಾಡುವ ಮಿಷನ್ನೂ ಬಂತು. ಮರಿ ಬೆಳೆಸಿ ಸಾಕುವವರಿಗೆ ಮಾರುವುದು ಅವನ ಯೋಚನೆ. ಆದರೆ ಮೊಟ್ಟೆಯೊಳಗಿಂದ ಹೆಣ್ಣು ಬಂದಷ್ಟೇ ಗಂಡೂ ಬರುತ್ತದೆ. ಕೊಳ್ಳಲು ಬಂದವರೆಲ್ಲ ಎದೆಯ ಮೇಲೆ ಚುಕ್ಕಿಯಿರುವ ಹೆಣ್ಣುಗಳನ್ನೇ ಆರಿಸಿಕೊಂಡು ಹೋಗುತ್ತಿದ್ದರು. ಕೆಂಪು ಎದೆಯ ಗಂಡುಗಳು ಹಿಂದೆ ಉಳಿದು, ಇಕ್ಕಟ್ಟಿನಲ್ಲಿ ಹೊಡೆದಾಡುತ್ತಿದ್ದವು.

ಮೊದಮೊದಲು ಹೆಚ್ಚಾದ ಗಂಡುಗಳನ್ನು ಮೋಹನನೇ ಕುಯ್ಯುತ್ತಿದ್ದ. ಮನೆಯವರು ತಿನ್ನುತ್ತಿದ್ದರು, ಬೇಕಾದವರಿಗೆ ಕೊಡುತ್ತಿದ್ದರು. ಅಷ್ಟರಲ್ಲಿ ಅವನ ಹೆಂಡತಿ ಸ್ಪಂದನ ಬಸುರಿಯಾದಳು. ಬಸುರಿಯ ಗಂಡ ಜೀವ ತೆಗೆಯಬಾರದು, ತೆಗೆದರೆ ಕೂಸಿಗೆ ತಟ್ಟುತ್ತದೆ ಎಂದು ಅತ್ತೆ ರೇವಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಮಾವ ಬೀರಲಿಂಗಯ್ಯನಿಗೆ ಕಣ್ಣಿನ ಆಪರೇಷನ್ ಆಗಿತ್ತು, ಕೈಯೂ ನಡುಗುತ್ತಿತ್ತು. ಕಾಂತೇಶ್ ಮನೆಯಲ್ಲಿದ್ದಾಗ ನಿದ್ದೆ ಬಿಟ್ಟು ಬೇರೇನೂ ಬೇಡ ಎನ್ನುವವನು. ಗೂಡಿನಲ್ಲಿ ದಿನಾ ಒಂದಲ್ಲ ಒಂದು ಹಕ್ಕಿಗೆ ರಕ್ತ. ಒಂದು ಸಂಜೆ ಮೋಹನ್ ಹಕ್ಕಿಯ ಕತ್ತು ಕತ್ತರಿಸುವ ಕತ್ತರಿ ತಂದು ಅನುಪಮಾಳ ಮುಂದಿಟ್ಟ.

"ಅತ್ತಿಗೆ, ನೀವೇ ಒಂದೀಟು ನೋಡ್ಬುಡಿ. ನಿಮಗಾದ್ರೆ ಅಂಥದ್ದೇನಿಲ್ವಲ್ಲ."

ಕುಡಿಯಲು ನೀರು ಕೇಳುವಷ್ಟು ಸಲೀಸಾಗಿ ಕೇಳಿದ. ಏನಂದೆ ಎಂಬುದು ಅವನಿಗೆ ಗೊತ್ತಾದಂತೆಯೂ ಕಾಣಲಿಲ್ಲ. ಅನುಪಮಾ ಆ ಮನೆಗೆ ಸೊಸೆಯಾಗಿ ಬಂದು ವರ್ಷಗಳೇ ಕಳೆದರೂ ಮಕ್ಕಳಾಗಿರಲಿಲ್ಲ. ತಿಪಟೂರಿನ ಡಾಕ್ಟರು, ತುಮಕೂರಿನ ಡಾಕ್ಟರು, ಹರಕೆ, ಔಷಧಿ ಎಲ್ಲ ಮುಗಿದಿತ್ತು. ಅವಳು ಅತ್ತೆಯ ಕಡೆ ನೋಡಿದಳು. ಅವರೇಕಾಯಿ ಸುಲಿಯುತ್ತಿದ್ದ ರೇವಮ್ಮ ತಲೆಯೆತ್ತಲಿಲ್ಲ. ಹೆಂಗಸರು ಕುಯ್ಯಬಾರದೆಂಬ ಶಾಸ್ತ್ರವೂ ಅದೇ ಊರಿನಲ್ಲಿತ್ತು. ಮನೆಯಲ್ಲಿ ಗಂಡಸರಿಲ್ಲದ ದಿನ ಕೋಳಿ ಕುಯ್ಯಬೇಕಾದರೆ ಪಕ್ಕದ ಮನೆಯ ಶಿವಣ್ಣನನ್ನು ಕೂಗಿ ಕರೆಯುತ್ತಿದ್ದರು. ಆ ಸಂಜೆ ಆ ಶಾಸ್ತ್ರ ಯಾರಿಗೂ ನೆನಪಾಗಲಿಲ್ಲ.

ಅವಳು ಕತ್ತರಿ ತೆಗೆದುಕೊಂಡಳು. ಹಕ್ಕಿಗಳು ಕುಕ್ಕಿಸಿಕೊಂಡು ನರಳುವುದನ್ನು ನೋಡಲಾರದೆ ತೆಗೆದುಕೊಂಡಳೇ ಹೊರತು ಅವರು ಹೇಳಿದರೆಂದಲ್ಲ. ಮೊದಲನೆಯ ಹಕ್ಕಿಯ ಮೈಬಿಸಿ ಅಂಗೈಯಿಂದ ರಾತ್ರಿಯೆಲ್ಲ ಹೋಗಲಿಲ್ಲ. ಆಮೇಲೆ ಹಕ್ಕಿಗೆ ತಿಳಿಯುವ ಮೊದಲೇ ಮುಗಿಸುವುದನ್ನು ಕಲಿತಳು. ಹೊಡೆದಾಟ ಕಡಿಮೆ ಮಾಡಲು ದಾರಿಯನ್ನೂ ಹುಡುಕಿದಳು. ನಾಲ್ಕೈದು ಹೆಣ್ಣಿಗೆ ಒಂದೇ ಗಂಡು ಬಿಟ್ಟಳು, ಬಿಸಿಲು ಬೀಳುವ ಕಡೆ ಗೋಣಿಚೀಲ ಇಳಿಬಿಟ್ಟಳು, ಅಟ್ಟಿಸಿಕೊಂಡ ಹಕ್ಕಿ ಅಡಗಿಕೊಳ್ಳಲೆಂದು ತೆಂಗಿನ ಸೋಗೆಯ ತುಂಡುಗಳನ್ನು ಗೂಡಿನೊಳಗೆ ಓರೆಯಾಗಿ ನಿಲ್ಲಿಸಿದಳು. ಜಗಳ ಎಷ್ಟೋ ತಗ್ಗಿತು. ಮಿಷನ್ನಿಗೆ ಮೊಟ್ಟೆ ಇಡುವುದನ್ನು ನಿಲ್ಲಿಸು, ಮರಿ ಬಂದಷ್ಟೂ ಕುಯ್ಯುವುದು ಹೆಚ್ಚುತ್ತದೆ ಎಂದು ಮೋಹನನಿಗೆ ಎಷ್ಟೋ ಸಲ ಹೇಳಿದಳು. ಮರಿ ಕೇಳಿದವರಿಗೆ ಮಾತು ಕೊಟ್ಟಿದ್ದೇನೆ ಎಂದು ಅವನು ಪ್ರತಿ ಸಲವೂ ಅದನ್ನೇ ಹೇಳಿದ.

ಏಳನೆಯ ತಿಂಗಳಿಗೆ ಸ್ಪಂದನಳ ಸೀಮಂತ ಬಂತು. ಹಿಂದಿನ ದಿನವೇ ಅವಳ ತವರು ಹಂದನಕೆರೆಯಿಂದ ಬೀಗರು ಬಂದಿಳಿದರು. ಶಾಸ್ತ್ರದ ದಿನ ಮನೆಯಲ್ಲಿ ಬಾಡು ಮಾಡುವಂತಿಲ್ಲ, ಬಂದವರಿಗೆ ಇವತ್ತೇ ಬಾಯಿರುಚಿಗೆ ಏನಾದರೂ ಆಗಬೇಕಲ್ಲ ಎಂದಳು ರೇವಮ್ಮ. ಅನುಪಮಾ ಮಧ್ಯಾಹ್ನವೆಲ್ಲ ಹಿತ್ತಿಲಲ್ಲಿ ಕೂತು ಗಂಡು ಹಕ್ಕಿಗಳನ್ನು ಕುಯ್ದು, ತೊಗಲು ಸುಲಿದು, ಕೊಬ್ಬರಿ ಅರೆದು ಹುರಿದಳು. ಬೀಗರು ಬೆರಳು ಚೀಪುತ್ತ ತಿಂದರು. ಕೈರುಚಿ ಅಂದರೆ ಇದು ಎಂದು ಸ್ಪಂದನಳ ತಾಯಿ ಎರಡು ಸಲ ಹೊಗಳಿದಳು.

ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ಸ್ಪಂದನಳಿಗೆ ಹಸಿರು ಸೀರೆ ಉಡಿಸಿ, ಹೂವು ಮುಡಿಸಿ ಕೂರಿಸಿದ್ದರು. ಅನುಪಮಾ ತಲೆಗೆ ನೀರು ಹಾಕಿಕೊಂಡು, ಮದುವೆಯಲ್ಲಿ ಕೊಟ್ಟಿದ್ದ ಸೀರೆ ಉಟ್ಟು, ತಿಪಟೂರಿಗೆ ಹೋಗಿ ತಾನೇ ಆರಿಸಿ ತಂದಿದ್ದ ಬಳೆಗಳ ತಟ್ಟೆ ಹಿಡಿದುಕೊಂಡು ಬಂದಳು. ರೇವಮ್ಮ ಎದುರಿಗೆ ಬಂದು ತಟ್ಟೆಯ ಮೇಲೆ ಕೈಯಿಟ್ಟಳು.

"ನೀನು ಹಕ್ಕಿ ನೋಡ್ಕ ಹೋಗವ್ವ. ನಿನ್ನೆ ತಾನೆ ಅಷ್ಟು ಜೀವ ಕುಯ್ದ ಕೈ. ಜನ ಆಡ್ಕತಾರೆ."

ಮೆಲ್ಲಗೇ ಹೇಳಿದಳು. ಆದರೂ ನಡುಮನೆಯಲ್ಲಿದ್ದ ಎಲ್ಲರಿಗೂ ಕೇಳಿತು.

ಇಂಥ ಮಾತು ಅನುಪಮಾಳಿಗೆ ಹೊಸದಲ್ಲ. ನೆಂಟರ ಮನೆಗಳ ಸೀಮಂತದಲ್ಲಿ, ತೊಟ್ಟಿಲು ಶಾಸ್ತ್ರದಲ್ಲಿ, ಒಲೆಯ ಮೇಲೆ ಪಾಯಸ ಸೀಯುತ್ತಿದೆ ನೋಡು ಎಂದೋ, ಎಲೆ ಸಾಲದು ತೊಳೆದು ತಾ ಎಂದೋ ಅವಳನ್ನು ಸರಿಸಿದ್ದರು. ಅವಳೂ ತಿಳಿಯದವಳಂತೆ ಸರಿದಿದ್ದಳು. ಈ ಸಲದ ನೆಪವನ್ನು ಮಾತ್ರ ಅವಳ ಕೈಯಲ್ಲೇ ಮಾಡಿಸಿಟ್ಟುಕೊಂಡಿದ್ದರು. ಅದು ಹೊಳೆದ ಕೂಡಲೇ ಅವಳ ಕಿವಿ ಬಿಸಿಯಾಯಿತು. ತಟ್ಟೆಯನ್ನು ಬಿಡಲಿಲ್ಲ.

"ಈ ಕೈಗೆ ಕತ್ತರಿ ಕೊಟ್ಟೋರು ಯಾರು ಅತ್ತೆ? ನಿನ್ನೆ ರಾತ್ರಿ ಇದೇ ಕೈಲಿ ಬಡಿಸ್ದೆ. ಆಗ ಯಾರೂ ಎಲೆ ಬುಟ್ಟು ಏಳ್ಲಿಲ್ಲ."

ಸ್ಪಂದನಳ ತಾಯಿ ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಮೋಹನ್ ಶಾಮಿಯಾನದವನನ್ನು ಮಾತಾಡಿಸುವ ನೆಪದಲ್ಲಿ ಹೊರಗೆ ಹೋದ. ಅನುಪಮಾ ಸ್ಪಂದನಳನ್ನೇ ನೋಡಿದಳು. ವಾಂತಿ ಮಾಡಿಕೊಂಡಾಗಲೆಲ್ಲ ಬೆನ್ನು ಸವರಿದ್ದು ಇದೇ ಕೈ, ಅವಳಾದರೂ ಒಂದು ಮಾತು ಅಂದಾಳು ಎಂದು ಕಾದಳು. ಸ್ಪಂದನ ಮಡಿಲಲ್ಲಿದ್ದ ಅಡಿಕೆಲೆ ನೋಡುತ್ತ ತಲೆ ತಗ್ಗಿಸಿಯೇ ಕೂತಿದ್ದಳು. ಅನುಪಮಾ ತಟ್ಟೆಯನ್ನು ನೆಲದ ಮೇಲಿಟ್ಟು ಹಿತ್ತಿಲಿಗೆ ನಡೆದಳು.

ಬೀಗರು ಸ್ಪಂದನಳನ್ನು ಕರೆದುಕೊಂಡು ಹಂದನಕೆರೆಗೆ ಹೊರಟರು. ಅವತ್ತೇ ಅನುಪಮಾ ಮೋಹನನಿಗೆ, ಇನ್ನು ನಿನ್ನ ಹಕ್ಕಿಯನ್ನು ನೀನೇ ನೋಡಿಕೋ ಎಂದು ಕತ್ತರಿ ಹಿಂದಕ್ಕೆ ಕೊಟ್ಟಳು. ರಾತ್ರಿ ಲಾರಿ ನಿಲ್ಲಿಸಿ ಬಂದ ಗಂಡನಿಗೆ ಎಲ್ಲ ಹೇಳಿದಳು. ಅಮ್ಮನ ಬಾಯಿ ನಿನಗೆ ಗೊತ್ತಿಲ್ಲವೇ, ಮನಸ್ಸಿಗೆ ಹಚ್ಚಿಕೋಬೇಡ ಎಂದು ಕಾಂತೇಶ್ ಗೋಡೆಯ ಕಡೆ ಹೊರಳಿದ. ಅತ್ತೆಯ ಮಾತಿಗಿಂತ ಆ ಹೊರಳಿದ ಬೆನ್ನು ಅವಳಿಗೆ ಹೆಚ್ಚು ಸಿಟ್ಟು ತಂದಿತು.

ಮೋಹನ್ ಹೊತ್ತಿಗೆ ಸರಿಯಾಗಿ ನೀರು, ಫೀಡು ಹಾಕಿದನೇ ಹೊರತು ಇನ್ನೇನೂ ಮಾಡಲಿಲ್ಲ. ಹೊಸ ಮರಿಗಳಲ್ಲಿ ಗಂಡುಗಳು ಬೆಳೆದು ಎದೆ ಕೆಂಪಾಯಿತು. ಅವನ್ನೂ ತಂದು ಹಳೆಯವುಗಳ ಜೊತೆಗೇ ತುಂಬಿದ. ಸೋಗೆ ತುಂಡುಗಳು ಗಲೀಜು ಎಂದು ತೆಗೆದೆಸೆದ. ಗಂಡುಗಳ ಕರ್ಕಶ ಕೂಗು, ಜಾಲರಿಗೆ ರಪರಪ ಬಡಿಯುವ ರೆಕ್ಕೆ ಅಡುಗೆಮನೆಗೆ ಕೇಳುತ್ತಿತ್ತು. ಅನುಪಮಾ ಹಲ್ಲು ಕಚ್ಚಿಕೊಂಡು ರಾಗಿಮುದ್ದೆ ತಿರುವುತ್ತಿದ್ದಳು. ಆದರೂ ಆ ಬೆಳಿಗ್ಗೆ ತಡೆಯಲಾರದೆ ಹೋಗಿ ನೋಡಿದಾಗಲೇ ನೆತ್ತಿ ಸುಲಿದ ಆ ಹೆಣ್ಣು ಹಕ್ಕಿ ಅವಳಿಗೆ ಸಿಕ್ಕಿದ್ದು.

ಮಧ್ಯಾಹ್ನದ ಹೊತ್ತಿಗೆ ಅದು ಮಂಕರಿಯ ಕೆಳಗೆ ಸತ್ತುಬಿದ್ದಿತ್ತು. ಅನುಪಮಾ ಅದನ್ನು ತೆಂಗಿನ ಬುಡದಲ್ಲಿ ಮಣ್ಣು ಮಾಡಿದಳು. ತನ್ನ ಸಿಟ್ಟು ಮನುಷ್ಯರ ಮೇಲೆ, ನೆತ್ತಿ ಕಿತ್ತುಹೋದದ್ದು ಹಕ್ಕಿಯದು ಎಂಬುದು ಅವಳನ್ನು ಇನ್ನಷ್ಟು ಉರಿಸಿತು. ಟೊಮೇಟೊ ಕ್ರೇಟುಗಳನ್ನು ತಂದಳು. ಗೂಡಿನಲ್ಲಿದ್ದ ಕೆಂಪು ಎದೆಯ ಗಂಡುಗಳನ್ನು, ಒಂದನ್ನೂ ಬಿಡದೆ, ಹಿಡಿದು ತುಂಬಿ ಮೇಲೆ ಬಲೆ ಕಟ್ಟಿದಳು. ಕೈಯೆಲ್ಲ ಕುಕ್ಕಿಸಿಕೊಂಡು ಗೀರಾಯಿತು. ಕ್ರೇಟುಗಳನ್ನು ಎಳೆದು ತಂದು, ಅತ್ತೆ, ಮಾವ, ಮೋಹನ್ ಕಾಫಿ ಕುಡಿಯುತ್ತಿದ್ದ ಜಗಲಿಯ ಮೇಲೆ ದಬ್ಬನೆ ಇಟ್ಟಳು.

"ಕುಯ್ತೀಯೋ ಮಾರ್ತೀಯೋ ಈಗ್ಲೇ ಹೇಳು. ಇವು ಇನ್ನು ಈ ಮನೇಲಿರಲ್ಲ."

ಮೋಹನ್ ಲೋಟ ಕೆಳಗಿಟ್ಟ. ಒಂದೂ ಗಂಡಿಲ್ಲದಿದ್ದರೆ ಹೇಗೆ, ಎರಡಾದರೂ ಉಳಿಸಿ ಎಂದ. ಅವಳು ಕ್ರೇಟಿನ ಬಲೆಯ ಗಂಟನ್ನು ಇನ್ನಷ್ಟು ಬಿಗಿದಳು.

"ಗಂಡಿಲ್ದಿದ್ರೆ ಮೊಟ್ಟೆ ಮರಿ ಆಗಲ್ಲ ಅತ್ತಿಗೆ. ಮರಿ ಆಗ್ದಿರೋ ಹಕ್ಕಿ ಇಟ್ಕಂಡು ಏನ್ಮಾಡಾನ?"

"ಮರಿ ಆಗ್ದಿದ್ರೆ ಅದು ಹಕ್ಕಿ ಅಲ್ವೇನೋ?"

ಕೂಗಿ ಹೇಳಿದ್ದಲ್ಲ. ಆದರೆ ಲೋಟ ಹಿಡಿದಿದ್ದ ರೇವಮ್ಮನ ಕೈ ಅರ್ಧಕ್ಕೇ ನಿಂತಿತು. ಬೀರಲಿಂಗಯ್ಯ ಅಂಗಳದ ಕಡೆ ಮುಖ ತಿರುಗಿಸಿದ. ಒಳಗೆ ಮಲಗಿದ್ದ ಕಾಂತೇಶ್ ಎದ್ದು ಬಂದು, ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ ಬಿಡು ಎನ್ನಲು ಹೋದ. ಅನುಪಮಾ ಅವನ ಕಡೆ ತಿರುಗಿದಳು.

"ಆ ಕತ್ತರಿ ನನ್ನ ಮುಂದೆ ಇಟ್ಟಾಗ ನೀವೆಲ್ಲಿದ್ರಿ? ತಟ್ಟೆ ತಡ್ದಾಗ ಎಲ್ಲಿದ್ರಿ? ಇವತ್ತು ಇದ್ದೀರಲ್ಲ, ಏನಾದ್ರೂ ಮಾಡಿ."

ಕಾಂತೇಶ್ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದು, ಪಕ್ಕದ ಶಿವಣ್ಣನ ಗೂಡ್ಸ್ ಆಟೊ ಕೇಳಿ ತಂದು, ಕ್ರೇಟುಗಳನ್ನು ಒಂದೊಂದಾಗಿ ಏರಿಸಿದ. ಮೋಹನ್ ಅಣ್ಣನ ಮುಖ ನೋಡಿದ. ಅಣ್ಣ ಇವನ ಮುಖ ನೋಡಲಿಲ್ಲ. ತಿಪಟೂರಿನ ರಸ್ತೆಯ ಹೋಟೆಲೊಂದಕ್ಕೆ ಹಕ್ಕಿ ಕೊಟ್ಟು ಸಂಜೆಗೆ ಖಾಲಿ ಕ್ರೇಟುಗಳೊಂದಿಗೆ ವಾಪಸು ಬಂದು, ಅವನ್ನು ತಾನೇ ತೊಳೆದು ಬೋರಲು ಹಾಕಿದ. ಅನುಪಮಾ ಅವನಿಗೆ ಊಟಕ್ಕೆ ಬಡಿಸಿದಳು. ಆದರೂ ಈ ಕೆಲಸ ಎಷ್ಟು ತಡವಾಗಿ ಆಯಿತು ಎಂಬುದನ್ನು ಅವಳು ಮರೆಯುವವಳಲ್ಲ.

ಖಾಲಿಯಾಗಿದ್ದ ಮಿಷನ್ನನ್ನು ಅವಳೇ ಎತ್ತಿ ಅಟ್ಟಕ್ಕೆ ಹಾಕಿದಳು. ಮೋಹನ್ ಕೆಲವು ದಿನ ಮುಖ ಊದಿಸಿಕೊಂಡು ತಿರುಗಿ, ಹಾಗಾದರೆ ಹಕ್ಕಿಯೆಲ್ಲ ನೀವೇ ಇಟ್ಟುಕೊಳ್ಳಿ ಎಂದುಬಿಟ್ಟ. ಅವಳು ಹೂಂ ಎಂದಳು. ಗಂಡುಗಳಿಲ್ಲದ ಗೂಡು ತಣ್ಣಗಾಯಿತು. ಹೆಣ್ಣುಗಳ ನೆತ್ತಿಯ ಮೇಲೆ ಮುಳ್ಳು ಮುಳ್ಳಾಗಿ ಹೊಸ ಪುಕ್ಕ ಬಂತು. ಒಂದೆರಡು ಜಗಳಗಂಟಿಗಳು ಆಗಲೂ ಇದ್ದವು, ಅವನ್ನು ಬೇರೆ ಗೂಡಿಗೆ ಹಾಕಿದಳು. ಚುಕ್ಕಿ ಚುಕ್ಕಿ ಮೊಟ್ಟೆಗಳನ್ನು ಮನೆಯವರು ಎಂದಿನಂತೆ ಬೇಯಿಸಿಕೊಂಡು ತಿಂದರು.

ಹಂದನಕೆರೆಯಲ್ಲಿ ಸ್ಪಂದನಳಿಗೆ ಹೆಣ್ಣುಮಗುವಾಯಿತು. ನಾಮಕರಣದ ದಿನ ಎಲ್ಲರೂ ಕಾರು ಹತ್ತುವಾಗ ರೇವಮ್ಮ, ಬಾರವ್ವ ಹೊತ್ತಾಯ್ತು ಎಂದು ಏನೂ ನಡೆದಿಲ್ಲವೆಂಬಂತೆ ಕರೆದಳು. ಕೆಲಸವಿದೆ, ನೀವು ಹೋಗಿಬನ್ನಿ ಎಂದು ಅನುಪಮಾ ಒಳಗೆ ಹೋದಳು.

ಸಂಜೆ ಸ್ಪಂದನಳ ಫೋನು ಬಂತು. ಹಿಂದೆ ಮಗು ಅಳುವುದು ಕೇಳುತ್ತಿತ್ತು.

"ಅಕ್ಕ, ನೀವ್ಯಾಕೆ ಬರ್ಲಿಲ್ಲ?"

ಅನುಪಮಾ ಏನಾದರೂ ಹೇಳುವ ಮೊದಲೇ ಸ್ಪಂದನ, "ಅವತ್ತು ನಾನು ಮಾತಾಡ್ಬೇಕಿತ್ತು ಅಕ್ಕ," ಎಂದಳು.

ಪರವಾಗಿಲ್ಲ ಬುಡು ಎಂಬ ಮಾತು ಅಭ್ಯಾಸಬಲದಿಂದ ಅನುಪಮಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ಹೂಂ. ಮಾತಾಡ್ಬೇಕಿತ್ತು," ಎಂದು ಹೇಳಿ, ಮಗುವಿಗೆ ಮೊದಲು ಹಾಲು ಕೊಡು ಎಂದು ಫೋನಿಟ್ಟಳು.