ಆಫ್ ಆಗುವ ಗಾಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಣ್ಣ ಹೇಳುತ್ತಾನೆ. ಇರಬಹುದು. ಆದರೆ ಡ್ರೈವಿಂಗ್ ಸ್ಕೂಲಿನ ಕೆಲಸ ಬಿಟ್ಟು ಬಂದದ್ದು ಕೋಪಕ್ಕಲ್ಲ, ಬೇಸತ್ತು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಬ್ರೇಕು ಇರಬೇಕಾದದ್ದೇ. ಕಲಿಯುವವರ ಜೀವ, ನಮ್ಮ ಜೀವ, ದಾರಿಹೋಕರ ಜೀವ ಎಲ್ಲವೂ ಅದರ ಮೇಲೆ ನಿಂತಿದೆ. ಕ್ಲಚ್ಚಿನ ಕತೆ ಬೇರೆ. ಕಲಿಯುವವರು ಅದನ್ನು ಸರಕ್ಕನೆ ಬಿಟ್ಟರೆ ಗಾಡಿ ಒಮ್ಮೆ ಜಗ್ಗಿ ಆಫ್ ಆಗುತ್ತದೆ. ಆಫ್ ಆದರೆ ಅವರು ಹೆದರುತ್ತಾರೆ, ಹೆದರಿದರೆ ಪಾಠ ಮುಂದಕ್ಕೆ ಹೋಗುವುದಿಲ್ಲ, ಅಷ್ಟರಲ್ಲಿ ಇನ್ನೊಬ್ಬರ ಸರದಿ ಬಂದಿರುತ್ತದೆ. ಅದಕ್ಕೇ ನಮ್ಮ ಮಾಲೀಕರ ಅಪ್ಪಣೆ: “ನಿಮ್ಮ ಕಾಲು ಕ್ಲಚ್ ಮೇಲೇ ಇರಲಿ. ಅವರಿಗೆ ಗೊತ್ತಾಗದ ಹಾಗೆ ಒತ್ತಿ. ಗಿರಾಕಿ ನಗ್ತಾ ಮನೆಗೆ ಹೋಗ್ಬೇಕು.”

ನಗುತ್ತಲೇ ಹೋಗುತ್ತಿದ್ದರು. ಲೈಸೆನ್ಸೂ ಬರುತ್ತಿತ್ತು. ಆಮೇಲೆ ಸ್ವಂತ ಗಾಡಿಯಲ್ಲಿ ಕೂತರೆ ಅದು ಮನೆಯ ಗೇಟು ದಾಟುತ್ತಿರಲಿಲ್ಲ. ಹಾಗೆ ಕಲಿತವಳೊಬ್ಬಳು ಔಷಧಿ ಅಂಗಡಿಯಲ್ಲಿ ಸಿಕ್ಕಿ, “ನಿಮ್ಮ ಪಕ್ಕ ಕೂತಾಗ ಅಷ್ಟು ಚೆನ್ನಾಗಿ ಓಡಿಸ್ತಿದ್ದೆ ಮೇಡಂ, ನನ್ನ ತಲೇಲೇ ಏನೋ ಕೆಟ್ಟಿದೆ” ಎಂದು ತನ್ನನ್ನೇ ಬೈದುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಮಾಲೀಕರ ಮುಖಕ್ಕೆ ಹೇಳಬೇಕಾದದ್ದನ್ನು ಹೇಳಿ ಹೊರಬಂದೆ. ಕೈಯಲ್ಲಿದ್ದ ಉಳಿತಾಯದಲ್ಲಿ ಒಂದು ಹಳೆಯ ಕಾರು ಬರುತ್ತದೆ, ಎರಡು ಬರುವುದಿಲ್ಲ. ಆ ಒಂದರಲ್ಲೇ ನನ್ನದೇ ರೀತಿಯಲ್ಲಿ ಕಲಿಸುತ್ತೇನೆ ಎಂದು ಹಟ ಹಿಡಿದೆ.

ಕಲಿಯುವವರಲ್ಲಿ ಮೊದಲನೆಯವರು ಮನೆಯಲ್ಲೇ ಕಾದಿದ್ದರು. ನನ್ನ ಅತ್ತಿಗೆ.

ಅಣ್ಣ ಅತ್ತಿಗೆಯದು ಬಟ್ಟೆ ಒಗೆದುಕೊಡುವ ಕೆಲಸ. ಎರಡು ಲಾಡ್ಜು, ಒಂದು ನರ್ಸಿಂಗ್ ಹೋಮು, ಅವುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲ್ಲು ಎಲ್ಲ ನಮ್ಮ ಹಿತ್ತಲಿನ ಮೆಷಿನ್ನುಗಳಲ್ಲಿ ಒಗೆದು, ಇಸ್ತ್ರಿಯಾಗಿ, ಗಂಟು ಕಟ್ಟಿಸಿಕೊಂಡು ವಾಪಸು ಹೋಗಬೇಕು. ಒಗೆಯುವುದು, ಇಸ್ತ್ರಿ ಮಾಡುವುದು ಅತ್ತಿಗೆ. ಹಳೆಯ ಪೆಟ್ರೋಲ್ ಕಾರಿನ ಹಿಂದಿನ ಸೀಟು ಕಿತ್ತುಹಾಕಿ ಗಂಟುಗಳನ್ನು ಸಾಗಿಸುವವನು ಅಣ್ಣ. ಇದೇ ವರ್ಷ ಅಣ್ಣನ ಕಣ್ಣಿನ ನರ ಸೋತಿತು. ಎದುರಿಗೆ ನಿಂತವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಇನ್ನು ಸ್ಟೀರಿಂಗ್ ಮುಟ್ಟಕೂಡದು ಎಂದರು ಡಾಕ್ಟರು. ಬಾಡಿಗೆ ಗಾಡಿಯವನು ತನಗೆ ಎಚ್ಚರವಾದಾಗ ಬರುವ ಮಹಾರಾಯ. ನರ್ಸಿಂಗ್ ಹೋಮಿನ ಮೇಟ್ರನ್ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು: “ಬೆಳಿಗ್ಗೆ ರೌಂಡ್ಸ್ ಶುರುವಾಗೋ ಮುಂಚೆ ಬೆಡ್‌ಶೀಟ್ ಬರ್ಬೇಕು. ಇನ್ನೆರಡು ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ.” ನರ್ಸಿಂಗ್ ಹೋಮು ಕೈಬಿಟ್ಟರೆ ಮನೆಯ ಒಲೆಯೇ ಆರಿದಂತೆ. ಡ್ರೈವರ್ ಇಟ್ಟುಕೊಳ್ಳುವಷ್ಟು ಗಳಿಕೆಯೂ ಇಲ್ಲ. ಅತ್ತಿಗೆ ಗಾಡಿ ಓಡಿಸಲೇಬೇಕು, ಬೇರೆ ದಾರಿಯಿಲ್ಲ.

ಹಿಂದೊಮ್ಮೆ ಅಣ್ಣನೇ ಕಲಿಸಲು ಹೋಗಿದ್ದ. ಗಂಡ ಹೆಂಡತಿಗೆ ಡ್ರೈವಿಂಗ್ ಕಲಿಸುವುದು ಎಂದರೆ ಮನೆಗೆ ತಾವೇ ಬೆಂಕಿ ಇಟ್ಟುಕೊಂಡಂತೆ. ನಮ್ಮ ಗೇಟಿನಿಂದ ಮೇನ್ ರೋಡಿಗೆ ಹೋಗಲು ಒಂದು ಏರು ಹತ್ತಬೇಕು. ಅದರ ತಲೆಯಲ್ಲಿ ನಿಂತು, ಎರಡೂ ಕಡೆ ನೋಡಿ, ಮತ್ತೆ ಹೊರಡಬೇಕು. ಅತ್ತಿಗೆ ಅಲ್ಲಿ ನಿಲ್ಲಿಸಿದರು, ಹೊರಡಿಸಲಾಗಲಿಲ್ಲ. ಗಾಡಿ ಆಫ್ ಆಗಿ, ಹಿಂದಕ್ಕೆ ಜಾರಿ, ಅಂಗಳದ ನಲ್ಲಿಗೆ ಬಡಿದು ಅದನ್ನು ಮುರಿಯಿತು. ಅತ್ತಿಗೆ ಏರು ಕಡಿದಾಗಿದೆ ಎಂದರು. ಅಣ್ಣ ಎಲ್ಲರೆದುರು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದ. ಅಂದಿನಿಂದ ಅತ್ತಿಗೆ ಆ ಕೀಲಿ ಮುಟ್ಟಿರಲಿಲ್ಲ.

ಕಾರು ನೋಡಲು ಹೋಗುವ ಹಿಂದಿನ ಸಂಜೆ ಇಸ್ತ್ರಿ ಮೇಜಿನ ಸುತ್ತ ಚರ್ಚೆಯಾಯಿತು.

“ಡೀಸೆಲ್ ತಗೋತೀನಿ,” ಎಂದೆ.

“ತಲೆ ಕೆಟ್ಟಿದೆಯೇನೇ ನಿಂಗೆ?” ಎಂದ ಅಣ್ಣ. “ಡೀಸೆಲ್ ದೂರ ಓಡಿಸೋರಿಗೆ ಲಾಭ. ನಿಂದು ಮೈದಾನ ಸುತ್ತೋ ಕೆಲಸ. ಎಂಜಿನ್ ಬಿಸಿ ಆಗೋದ್ರೊಳಗೆ ಪಾಠ ಮುಗಿದಿರತ್ತೆ. ಹಳೇ ಗಾಡಿ ಬೇರೆ, ಡೀಸೆಲ್ ಪಂಪು ಕೈ ಕೊಟ್ರೆ ಮೂಗಿಗಿಂತ ಮೂಗುತಿ ಭಾರ. ಪೆಟ್ರೋಲ್ ಆದ್ರೆ ಯಾವ ಗಲ್ಲಿ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸ್ತಾನೆ.”

ಅವನ ಮಾತು ಸರಿಯೇ. ಆದರೂ ನಾನು ಜಗ್ಗಲಿಲ್ಲ. ನನ್ನ ಲೆಕ್ಕ ಬೇರೆಯಿತ್ತು. ಡೀಸೆಲ್ ಎಂಜಿನ್ನಿಗೆ ತಳದಲ್ಲೇ ಬಲ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚು ಮಾತ್ರ ಬಿಟ್ಟರೂ ಗಾಡಿ ತಾನಾಗಿ ಎಳೆದುಕೊಂಡು ಹೊರಡುತ್ತದೆ. ಪೆಟ್ರೋಲಿನದು ಹಾಗಲ್ಲ. ಎರಡು ಕಾಲಿಗೂ ಹೊಂದಾಣಿಕೆ ಇಲ್ಲದಿದ್ದರೆ ಮುನಿಸಿಕೊಂಡು ನಿಂತುಬಿಡುತ್ತದೆ. ನನ್ನ ಗಾಡಿಯಲ್ಲಿ ಯಾರೂ ಹೆದರಬಾರದು, ಯಾರೂ ಅಳಬಾರದು. ಖರ್ಚು ಬಂದರೆ ಬರಲಿ ಎಂದುಕೊಂಡೆ.

ಹಳೆ ಕಾರು ಮಾರುವವನನ್ನು ಎಲ್ಲರೂ ‘ಗ್ಯಾರಂಟಿ’ ಎಂದೇ ಕರೆಯುವುದು. ಬಾಯಿ ತೆರೆದರೆ ಅದೇ ಮಾತು. ಕೊಟ್ಟದ್ದನ್ನು ಯಾರೂ ನೋಡಿಲ್ಲ. ಅವನ ಶೆಡ್ಡಿನಲ್ಲಿ ನನ್ನ ಕೈಗೆಟುಕುವ ಗಾಡಿಗಳು ಎರಡೇ ಇದ್ದವು. ಬಣ್ಣ ಮಾಸಿದ ಬಿಳಿ ಪೆಟ್ರೋಲ್ ಕಾರು, ಬಾಗಿಲಿನ ಮೇಲೆ ಗೀರು ಬಿದ್ದ ಬೂದು ಡೀಸೆಲ್ ಕಾರು. ಬಾನೆಟ್ ಎತ್ತಿಸಿ, ಹೊಗೆ ನೋಡಿ, ಟೈರು ತಟ್ಟಿ, ಕೆಳಗೆ ಎಣ್ಣೆ ಸೋರಿದೆಯೇ ಎಂದು ಬಗ್ಗಿ ನೋಡಿದೆ. ವಯಸ್ಸಿಗೆ ತಕ್ಕ ಕಾಯಿಲೆಗಳು ಎರಡಕ್ಕೂ ಇದ್ದವು, ದೊಡ್ಡ ರೋಗ ಯಾವುದಕ್ಕೂ ಇರಲಿಲ್ಲ.

“ಡೀಸೆಲ್ ತಗೊಳ್ಳಿ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ,” ಎಂದ ಗ್ಯಾರಂಟಿ.

“ಕಣ್ಮುಚ್ಕೊಂಡು ತಗೊಂಡೋರೇ ನಿನ್ನನ್ನ ಹುಡುಕ್ತಾ ಇರ್ತಾರಂತಲ್ಲಪ್ಪ,” ಎಂದರು ಅತ್ತಿಗೆ. ಅವನು ಹಲ್ಲು ಕಿರಿದು ಕೀಲಿ ಕೊಟ್ಟ.

ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಅತ್ತಿಗೆಯನ್ನು ಬೂದು ಕಾರಿನಲ್ಲಿ ಕೂರಿಸಿದೆ. ಕಲಿಯುವವರ ಲೈಸೆನ್ಸು ಅಷ್ಟರಲ್ಲಿ ಮಾಡಿಸಿಯಾಗಿತ್ತು. ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂತೆ. ಸೋಪಿನ ನೀರಿಗೆ ಸುಕ್ಕಾದ ಬೆರಳುಗಳಿಂದ ಅವರು ಸ್ಟೀರಿಂಗನ್ನು ಅವುಚಿ ಹಿಡಿದರು. ಕ್ಲಚ್ಚನ್ನು ಒರಟಾಗಿಯೇ ಬಿಟ್ಟರು. ಗಾಡಿ ಒಮ್ಮೆ ಗುಡುಗಿ, ಹೊರಟೇಬಿಟ್ಟಿತು. ಒಂದು ಸುತ್ತು, ಎರಡು ಸುತ್ತು. ನಿಲ್ಲಿಸಿದರು, ಮತ್ತೆ ಹೊರಡಿಸಿದರು. ಒಂದು ಸಲವೂ ಆಫ್ ಆಗಲಿಲ್ಲ.

“ಅಯ್ಯೋ, ಬರ್ತಿದೆ ಕಣೇ ನಂಗೆ!” ಎಂದು ಅತ್ತಿಗೆ ಜೋರಾಗಿ ನಕ್ಕರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನನಗೂ ಕಣ್ಣು ತುಂಬಿತು. ಅಡ್ವಾನ್ಸ್ ಕೊಡಲು ಚೀಲಕ್ಕೆ ಕೈ ಹಾಕಿದೆ.

“ತಡಿ,” ಎಂದರು ಅತ್ತಿಗೆ. “ನಮ್ಮ ಏರು ಹತ್ತಿಸಿ ನೋಡ್ಬೇಕು.”

ನಾನೇ ಮನೆಯವರೆಗೆ ಓಡಿಸಿದೆ. ಗ್ಯಾರಂಟಿ ತನ್ನ ಗಾಡಿಯ ಕಾವಲಿಗೆ ಹಿಂದೆ ಕೂತಿದ್ದ. ಗೇಟಿನ ಒಳಗೆ ಸೀಟು ಬದಲಾಯಿಸಿಕೊಂಡೆವು. ಅತ್ತಿಗೆ ಏರಿನ ತಲೆಯಲ್ಲಿ ನಿಲ್ಲಿಸಿ, ಎರಡೂ ಕಡೆ ನೋಡಿ, ಕ್ಲಚ್ಚು ಬಿಟ್ಟರು. ಗಾಡಿ ಸಲೀಸಾಗಿ ರಸ್ತೆಗೆ ಬಂತು. ಅಣ್ಣ ಗೇಟಿನ ಹತ್ತಿರ ನಿಂತು, “ಹತ್ತಿಸಿದ್ಲಾ? ಅವಳೇನಾ?” ಎಂದು ಕೂಗಿದ. ಆ ಸಂಭ್ರಮದಲ್ಲಿ ಅತ್ತಿಗೆ ಇಳಿದವರೇ ಸೀದಾ ಒಳಗೆ ಹೋಗಿ, ಮೊಳೆಗೆ ನೇತುಹಾಕಿದ್ದ ನಮ್ಮ ಹಳೆ ಕಾರಿನ ಕೀಲಿ ತಂದರು.

“ಇದೂ ಕಾರೇ ತಾನೇ,” ಎಂದರು.

ತಡೆಯಬೇಕಿತ್ತು. ತಡೆಯಲಿಲ್ಲ, ಅವರ ಮುಖ ಹಾಗಿತ್ತು. ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡೆ. ಏರಿನ ತಲೆಯಲ್ಲಿ ನಿಂತು ಅತ್ತಿಗೆ ಆಗಷ್ಟೇ ಮಾಡಿದ್ದನ್ನೇ ಮಾಡಿದರು. ಗಾಡಿ ಜಗ್ಗಿ ಆಫ್ ಆಯಿತು. ಹಿಂದಕ್ಕೆ ಜಾರುವಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಇನ್ನೊಮ್ಮೆ, ಮತ್ತೊಮ್ಮೆ. ಅಣ್ಣ ಗೇಟಿನ ಬಳಿಯೇ ಇದ್ದ. ಗಾದೆ ಅವನ ನಾಲಿಗೆಯ ಮೇಲೇ ಇತ್ತೇನೋ, ಈ ಸಲ ನುಂಗಿಕೊಂಡ.

ಅತ್ತಿಗೆ ಕೀಲಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ, ನನ್ನ ಕಡೆ ತಿರುಗಿದರು.

“ಆ ಗಾಡೀಲಿ ನಾನು ಓಡಿಸಿದ್ನಾ, ಗಾಡೀನೇ ನನ್ನ ಓಡಿಸ್ತಾ?”

ಗ್ಯಾರಂಟಿ ಕಿಟಕಿಗೆ ಬಂದು, “ಅದಕ್ಯಾಕಮ್ಮ ಚಿಂತೆ? ಇದನ್ನ ನಂಗೆ ಕೊಟ್ಬಿಡಿ, ನಿಮಗೂ ಒಂದು ಡೀಸೆಲ್ ಹುಡುಕಿ ಕೊಡ್ತೀನಿ. ಮೇಲೆ ಸ್ವಲ್ಪ ಹಾಕಿದ್ರಾಯ್ತು,” ಎಂದ.

“ಮೇಲೆ ಹಾಕೋಕೆ ನಮ್ಮ ಹತ್ರ ಇರೋದು ಸೋಪಿನ ನೊರೆ ಮಾತ್ರ, ತಗೋತೀಯಾ?” ಎಂದು ಅತ್ತಿಗೆ ಅವನ ಬಾಯಿ ಮುಚ್ಚಿಸಿದರು. ಆಮೇಲೆ ನನ್ನನ್ನು ಕೇಳಿದರು: “ನಿನ್ನ ಹತ್ರ ಕಲಿಯೋಕೆ ಬರೋರ ಮನೇಲಿ ಯಾವ ಗಾಡಿ ಇರತ್ತೆ?”

ಉತ್ತರ ಗೊತ್ತಿತ್ತು. ಹೆಚ್ಚಿನವರದು ಗಂಡನೋ ಅಪ್ಪನೋ ಓಡಿಸಿ ಹಳತಾದ ಪೆಟ್ರೋಲ್ ಕಾರು. ಮಾಲೀಕರು ಕಾಲಿನಿಂದ ಮಾಡಿಸುತ್ತಿದ್ದದ್ದನ್ನು ನಾನು ಎಂಜಿನ್ನಿನಿಂದ ಮಾಡಿಸಲು ಹೊರಟಿದ್ದೆ. ಕಾಲಾದರೂ ನನ್ನದಾಗಿತ್ತು, ಎತ್ತಿಬಿಡಬಹುದಿತ್ತು. ಎಂಜಿನ್ನಿನ ಬಲವನ್ನು ಎತ್ತುವುದು ಹೇಗೆ? ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ನನ್ನ ಮಾಮೂಲಿ ಕೋಪ ಬಂತು, ಬೈಯಲು ನನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ.

“ಬಿಳೀದು ತಗೋತೀನಿ,” ಎಂದೆ ಗ್ಯಾರಂಟಿಗೆ.

“ಮೇಡಂ, ಲೋಕವೆಲ್ಲ ಆಫ್ ಆಗದ ಗಾಡಿ ಕೇಳತ್ತೆ. ನೀವು ಆಫ್ ಆಗೋದನ್ನ ಕೇಳ್ತೀರಲ್ಲ!”

“ಹೌದಪ್ಪ. ಚೆನ್ನಾಗಿ ಆಫ್ ಆಗತ್ತೆ ತಾನೇ?”

“ಗ್ಯಾರಂಟಿ,” ಎಂದ ಪಾಪ, ಅಭ್ಯಾಸಬಲದಿಂದ.

ಮೆಕ್ಯಾನಿಕ್ಕಿನ ಹತ್ತಿರ ಪಕ್ಕದ ಸೀಟಿನ ಕೆಳಗೆ ಬ್ರೇಕ್ ಮಾತ್ರ ಹಾಕಿಸಿದೆ. ಕ್ಲಚ್ಚೂ ಜೊತೆಗೇ ಬರುತ್ತದೆ, ಬಿಟ್ಟರೆ ಕಾಸೇನೂ ಕಡಿಮೆಯಾಗುವುದಿಲ್ಲ ಎಂದು ಅವನು ಎರಡೆರಡು ಸಲ ಹೇಳಿದ. ಬೇಡ ಎಂದೆ. ಕಾಲ ಬುಡದಲ್ಲಿದ್ದರೆ ಒತ್ತುವ ಚಪಲ ನನಗೂ ಬರುತ್ತದೆ.

ಆಮೇಲಿನ ವಾರಗಳಲ್ಲಿ ಆ ಬಿಳಿ ಕಾರು ನಿಂತಲ್ಲೆಲ್ಲ ಆಫ್ ಆಯಿತು. ಸಿಗ್ನಲ್ಲಿನಲ್ಲಿ ಆಫ್ ಆಯಿತು, ಶಾಲೆಯ ಮುಂದೆ ಆಫ್ ಆಯಿತು, ನನ್ನ ಹಳೆ ಮಾಲೀಕರ ಬೋರ್ಡಿನ ಎದುರಿಗೇ ಒಮ್ಮೆ ಆಫ್ ಆಗಿ, ನಾನು ಸೀಟಿನಲ್ಲಿ ಕುಗ್ಗಿ ಕೂರಬೇಕಾಯಿತು. ಹಿಂದಿನವರು ಹಾರ್ನ್ ಹೊಡೆದರೆ ಅತ್ತಿಗೆ ಗಡಿಬಿಡಿಯಲ್ಲಿ ಕ್ಲಚ್ಚು ಬಿಟ್ಟು ಮತ್ತೆ ಆಫ್ ಮಾಡುತ್ತಿದ್ದರು. ನಾನು ಒಂದೇ ಮಾತು ಹೇಳುತ್ತಿದ್ದೆ: “ಅವರಿಗೆ ಅರ್ಜೆಂಟು, ನಿಮಗಲ್ಲ.” ಮೊದಮೊದಲು ಆಫ್ ಆದಾಗ ಅವರು ಕ್ಷಮೆ ಕೇಳುತ್ತಿದ್ದರು, ನನ್ನನ್ನು, ಹಿಂದಿನವರನ್ನು, ಒಮ್ಮೊಮ್ಮೆ ಗಾಡಿಯನ್ನೂ. ಬರಬರುತ್ತಾ ಕ್ಷಮೆ ನಿಂತಿತು. ಕ್ಲಚ್ಚು ಯಾವ ಜಾಗದಲ್ಲಿ ಹಿಡಿಯುತ್ತದೆ ಎಂದು ಪಾದಕ್ಕೇ ತಿಳಿಯತೊಡಗಿತು. ಅಲ್ಲಿ ತಡೆದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸುವುದು. ಇಸ್ತ್ರಿ ಮಾಡುವಾಗಲೂ ಮೇಜಿನ ಕೆಳಗೆ ಅವರ ಎರಡು ಪಾದಗಳು ಏಳುತ್ತಾ ಇಳಿಯುತ್ತಾ ಇರುತ್ತಿದ್ದವು. ಲೈಸೆನ್ಸಿನ ಪರೀಕ್ಷೆಯಲ್ಲಿ ಒಮ್ಮೆ ಆಫ್ ಆದರೂ ತಾವೇ ಸ್ಟಾರ್ಟ್ ಮಾಡಿಕೊಂಡು ಮುಗಿಸಿದರು, ಪಾಸಾದರು.

ಮೇಟ್ರನ್ ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ಆ ಬೆಳಿಗ್ಗೆ ನಮ್ಮ ಹಳೆ ಕಾರಿಗೆ ಗಂಟುಗಳನ್ನು ತುಂಬಿದೆವು. ನಾನು ಪಕ್ಕಕ್ಕೆ ಕೂರಲು ಹೋದರೆ ಅತ್ತಿಗೆ ಆ ಸೀಟಿನ ಮೇಲೂ ಒಂದು ಗಂಟು ಇಟ್ಟುಬಿಟ್ಟರು.

“ನೀನು ಕೂತ್ರೆ ನಾನು ನಿನ್ನ ಮುಖ ನೋಡ್ತೀನಿ,” ಎಂದರು. ಅಣ್ಣನ ಕಡೆ ತಿರುಗಿ, “ರೀ, ನೀವಂತೂ ಬಾಯಿ ಬಿಡ್ಬೇಡಿ,” ಎಂದರು.

ಏರಿನ ತಲೆಯಲ್ಲಿ ಗಾಡಿ ನಿಂತಿತು. ಎರಡೂ ಕಡೆ ನೋಡಿದರು. ಹೊರಟಿತು, ಅರ್ಧ ಮೂತಿ ರಸ್ತೆಗೆ ಹಾಕಿ, ಆಫ್ ಆಯಿತು. ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿ ಹಾರ್ನ್ ಒತ್ತಿ ಹಿಡಿಯಿತು. ಅದರ ಹಿಂದಿನವರೂ ಶುರುಮಾಡಿದರು. ಅಣ್ಣ ಗೇಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕಿಲ್ಲವೆಂದು ಗೊತ್ತಿದ್ದರೂ.

ಅತ್ತಿಗೆ ಹ್ಯಾಂಡ್‌ಬ್ರೇಕ್ ಎಳೆದರು. ಕಿಟಕಿಯಿಂದ ಕೈ ಹೊರಗೆ ಚಾಚಿ, ಬಸ್ಸಿನವನಿಗೆ ‘ಇರು’ ಎಂದು ಸನ್ನೆ ಮಾಡಿದರು. ಗಡಿಬಿಡಿ ಮಾಡದೆ ಕೀಲಿ ತಿರುಗಿಸಿದರು. ಎಂಜಿನ್ನಿನ ಸದ್ದು ಏರಿತು, ಗಾಡಿಯ ಹಿಂಭಾಗ ಒಮ್ಮೆ ಕುಸಿದು ಎದ್ದಿತು, ಹಿಂದಕ್ಕೆ ಒಂದು ಗೇಣೂ ಜಾರದೆ ಕಾರು ರಸ್ತೆಗೆ ತಿರುಗಿತು.

“ಸೆಕೆಂಡ್ ಗೇರು,” ಎಂದ ಅಣ್ಣ ಮೆಲ್ಲಗೆ, ಕಿವಿ ಆ ಕಡೆಗಿಟ್ಟು.

ಸ್ವಲ್ಪ ಹೊತ್ತಿಗೆ, “ಥರ್ಡು. ಒಳ್ಳೇ ಹೊತ್ತಿಗೆ ಹಾಕಿದ್ಲು,” ಎಂದ.

ಬಸ್ಸು, ಅದರ ಹಿಂದಿನ ಸಾಲು ಎಲ್ಲ ನಮ್ಮ ಮುಂದೆ ಹಾದುಹೋದವು. ಅಣ್ಣನಿಗೆ ಈಗ ಯಾವ ಸದ್ದು ಯಾರದೆಂದು ಬೇರೆ ಮಾಡಲಾಗಲಿಲ್ಲ. “ನಂಗೆ ಕೇಳಿಸ್ತಿಲ್ಲ ಕಣೇ,” ಎಂದು ನನ್ನ ತೋಳು ಹಿಡಿದ. “ಎಲ್ಲಿದ್ದಾಳೆ ನೋಡು.”

“ನಂಗೂ ಕಾಣಿಸ್ತಿಲ್ಲ ಅಣ್ಣ,” ಎಂದೆ. “ತಿರುವು ದಾಟಿ ಹೋದ್ರು.”