ಬಲೆಯೊಳಗೆ ನಿಂತ ಕುರಿ

ಕಬ್ಬೂರಿನ ಶ್ರೇಣಿಕ ಓದುತ್ತಿದ್ದುದು ಭೌತಶಾಸ್ತ್ರ. ತಾವಾಗಿಯೇ ಚಲಿಸುವ ಕಣಗಳನ್ನು ಒತ್ತೊತ್ತಾಗಿ ತುಂಬಿದರೆ, ಪ್ರತಿಯೊಂದೂ ನೂಕುತ್ತಲೇ ಇದ್ದರೂ ಯಾವುದೂ ಜಾಗ ಬಿಟ್ಟು ಕದಲದೆ, ಎಲ್ಲ ಸೇರಿ ಗಾಜಿನಂತೆ ಸೆಟೆದುಬಿಡುತ್ತವೆ. ಅದೇ ಅವನ ಪಿಎಚ್‌ಡಿ. ಕಂಪ್ಯೂಟರಿನ ಕಣ ಸಾಲದು, ಜೀವ ಇರುವುದರಲ್ಲಿ ತೋರಿಸು ಎಂದು ಗೈಡ್ ಪಟ್ಟು ಹಿಡಿದಿದ್ದರು. ದೊಡ್ಡವರ ಮಾತು, ಕೇಳಲೇಬೇಕಲ್ಲ!

ಕಬ್ಬು ಕಡಿದ ಹೊಲಕ್ಕೆ ಗೊಬ್ಬರವಾಗಲೆಂದು ಅವನಪ್ಪ ಭಾವುಸಾಹೇಬ ಆ ವಾರ ಕುರುಬರ ಮಲಕಾರಿಯ ಕುರಿಗಳನ್ನು ಹೊಲದಲ್ಲೇ ಕೂಡಿಹಾಕಿ ತರುಬಿಸಿದ್ದರು. ಸುತ್ತ ಬಲೆ, ಒಳಗೆ ಹಿಂಡು. ಶ್ರೇಣಿಕನಿಗೆ ಇನ್ನೇನು ಬೇಕು? ಒಂದೊಂದು ಕುರಿಯ ಬೆನ್ನಿಗೂ ಬಣ್ಣ ಹಚ್ಚಿ, ಮೇಲೆ ಡ್ರೋನ್ ಬಿಟ್ಟು, ದಿನಾ ಬಲೆಯನ್ನು ಸ್ವಲ್ಪ ಸ್ವಲ್ಪ ಒಳಗೆ ಸರಿಸುತ್ತ ಬಂದ.

ಕೊನೆಯ ದಿನ ಮಲಕಾರಿ ತಡೆದ.

“ಸಾಕ್ರಿ ಇನ್ನ. ಕರಿ ಕುರಿ ಗಬ್ಬ ಐತಿ. ನನ್ನ ಮಗಳು ಲಗಮವ್ವ ಬಾಟ್ಲಿ ಹಾಲ ಕುಡಿಸಿ ಬೆಳೆಸಿದ್ದು. ಅದನ್ನರ ಹೊರಗ ತಗೀತೇನ್ರಿ.”

“ಒಂದ ತಗದ್ರೂ ಲೆಕ್ಕ ಕೆಡತೈತಿ, ಕಾಕಾ. ಇದೊಂದ ಸಲ.”

ಲೆಕ್ಕವಂತೆ! ಇರುವೆ ನೋಡಿ ಹೆಜ್ಜೆಯಿಡುವ ಜೈನರ ಮನೆಯ ಹುಡುಗ ಆಡಿದ ಮಾತಿದು.

ಬಲೆ ಸರಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೊದಲು ಅರಚಾಟ, ನೂಕಾಟ. ಆಮೇಲೆ ಹಿಂಡು ಒಮ್ಮೆಲೇ ಸ್ತಬ್ಧವಾಯಿತು.

“ಹೊಂದಿಕೊಂಡ್ವು ನೋಡ್ರಿ,” ಎಂದ ಮಲಕಾರಿ. ಹುಟ್ಟಾ ಕುರುಬ, ಅವನೂ ಮೋಸ ಹೋದ. ಇಬ್ಬರೂ ಬದುವಿನ ಮೇಲೆ ಕೂತು ಚಹಾ ಕುಡಿದರು. ಒಳಗೆ ಒಂದೊಂದು ಕುರಿಯೂ ಇದ್ದ ಬಲವನ್ನೆಲ್ಲ ಹಾಕಿ ನೂಕುತ್ತಿತ್ತು. ಕದಲಲು ಜಾಗವಿರಲಿಲ್ಲ, ಅಷ್ಟೇ.

ಬಲೆ ಬಿಚ್ಚಿದಾಗ ಕುರಿಗಳು ಹೊರಗೆ ನುಗ್ಗಿದವು. ಅಕ್ಕಪಕ್ಕದ ಆಸರೆ ತಪ್ಪಿದ್ದೇ ಕರಿ ಕುರಿ ನಿಂತ ಹಾಗೆಯೇ ಅಡ್ಡ ಬಿತ್ತು. ಉಸಿರಿರಲಿಲ್ಲ. ಮಲಕಾರಿ ಅದನ್ನು ಎತ್ತಿ ಬದುವಿನ ಮೇಲೆ ಮಲಗಿಸಿ, ಮರಿಯಾದರೂ ಮಿಸುಕೀತೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಕಾದ. ಮಿಸುಕಲಿಲ್ಲ. ಶ್ರೇಣಿಕನಿಗೆ ಅಳು ಒತ್ತರಿಸಿ ಬಂತು.

“ಯಾವಾಗ ಸತ್ತೈತಿ, ನಿಮ್ಮ ಪಿಚ್ಚರದಾಗ ಕಾಣತೈತೇನ್ರಿ?” ಮಲಕಾರಿ ಕೇಳಿದ. “ಭಾಳ ಹೊತ್ತ ತ್ರಾಸ ಪಟ್ಟಿತೇನಪಾ ಅಂತ ಲಗಮವ್ವ ಕೇಳತಾಳ.”

ಶ್ರೇಣಿಕ ಲ್ಯಾಪ್‌ಟಾಪ್ ತೆರೆದ. ಒಂದೊಂದು ಕುರಿಗೂ ಒಂದೊಂದು ಚುಕ್ಕೆ. ಕರಿ ಕುರಿಯ ಚುಕ್ಕೆ ಕೊನೆಯವರೆಗೂ ಉಳಿದವುಗಳಂತೆಯೇ ತುಸು ತುಸು ಅಲುಗುತ್ತಿತ್ತು. ಸತ್ತದ್ದನ್ನೂ ಸುತ್ತಲಿನವು ನೂಕುತ್ತಲೇ ಇದ್ದವು. ಮೊದಲಿನಿಂದ ಮತ್ತೆ ಹಾಕಿ ನೋಡಿದರೂ ಜೀವ ಹೋದ ಗಳಿಗೆ ಸಿಗಲಿಲ್ಲ.

“ಗೊತ್ತಾಗವಲ್ದು, ಕಾಕಾ. ಕಡೀತನಕಾ ಜೀವಂತ ಐತಿ ಅಂತನ ತೋರಸಾಕತ್ತೈತಿ.”

ಮಲಕಾರಿ ಪರದೆಯ ಹತ್ತಿರ ಬಗ್ಗಿದ. “ಹೌದಲ್ರಿ, ಅಲಗಾಕತ್ತೈತಿ!” ಎಂದವನು ಪಟ್ಟನೆ ತಿರುಗಿ ಬದುವಿನ ಮೇಲೆ ಮಲಗಿಸಿದ್ದ ಕುರಿಯ ಕಡೆ ನೋಡಿದ.