ಗೋಡೆಯ ಮೇಲೆ ಹನ್ನೊಂದು ಗೆರೆ

“ಹಡಿಯಾಕ ಬರತೈತಿ, ಕೈ ತೊಳ್ಕೊಳ್ಳಾಕ ಬರಂಗಿಲ್ಲ ನಿಮ್ಮಂಥ ಹೊಲಸು ಮುಂಡೇರಿಗೆ!”

ಡಾಕ್ಟರ್ ಪ್ರಭುರಾಜ ಮೂಗಿಗೆ ಕರವಸ್ತ್ರ ಒತ್ತಿ, ಮಂಚದ ಕೆಳಗೆ ತೂಗುತ್ತಿದ್ದ ಮೂತ್ರದ ಚೀಲವನ್ನು ಪೆನ್ನಿನ ತುದಿಯಿಂದ ತಿರುಗಿಸಿದ. ಒಳಗಿದ್ದುದು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು.

“ಕೀವು. ಕೂಸಿಗೆ ನಂಜೇರೇತಿ. ನಿನ್ನ ಕೈಯಿಂದನ.”

ಮೂರು ವರ್ಷದ ಹುಲಿಗೆವ್ವ ಚಳಿಜ್ವರದಲ್ಲಿ ಹಲ್ಲು ಕಟಕಟಿಸುತ್ತಿದ್ದಳು. ಕಸ್ತೂರೆಮ್ಮ ತನ್ನ ಕೈ ನೋಡಿಕೊಂಡಳು. ಗಿಣಿಗೇರಾದ ಇಟ್ಟಿಗೆ ಭಟ್ಟಿಯ ಬೂದಿ ಅಂಗೈ ಬಿರುಕುಗಳಲ್ಲಿ ಕೂತುಬಿಟ್ಟಿತ್ತು. ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ.

ಭಟ್ಟಿಯ ಗುಡಿಸಲಲ್ಲಿ ಕುದಿಯುವ ಸಾರು ಮಗಳ ತೊಡೆಯ ಮೇಲೆ ಬಿದ್ದಿತ್ತು. ಸುಟ್ಟ ಗಾಯಕ್ಕೆ ಮೂತ್ರ ತಾಗಬಾರದೆಂದು ಪೈಪು ಹಾಕಿದ ದಿನ, “ಮೂರು ದಿನಕ್ಕ ತೆಗಿತೀವಿ” ಎಂದವನು ಇವನೇ. ನಾಲ್ಕನೆಯ ದಿನ ಕೇಳಿದ್ದಕ್ಕೆ, “ನೀ ಡಾಕ್ಟರೇನು?” ಎಂದಿದ್ದ.

ಕಸ್ತೂರೆಮ್ಮನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ನರ್ಸ್ ಸುರೇಖಾ ಒಬ್ಬಳೇ. ತನ್ನೂರಿನವಳು. “ಕಸ್ತೂರಿ, ಚೀಲ ಯಾವತ್ತೂ ಮಂಚದ ಕೆಳಗನ ಇರಬೇಕು ನೋಡು. ಮ್ಯಾಲೆ ಬಂತಂದ್ರ ಉಚ್ಚಿ ತಿರುಗಿ ಕೂಸಿನ ಒಳಗ ಹೋಕ್ಕೈತಿ” ಎಂದು ಕಲಿಸಿದವಳು. ಆ ಮಾತನ್ನು ಕಸ್ತೂರೆಮ್ಮ ಹರಕೆಯಂತೆ ಪಾಲಿಸಿದ್ದಳು.

ಎಂಟನೆಯ ದಿನ ಬೆಳಿಗ್ಗೆ ಸುರೇಖಾಳೇ ಬಂದು ಚೀಲವನ್ನೆತ್ತಿ ಹಾಸಿಗೆಯ ಮೇಲಿಟ್ಟು ಚಾದರ ಎಳೆದಳು.

“ದವಾಖಾನಿ ನೋಡಾಕ ದೊಡ್ಡ ಸಾಹೇಬ್ರು ಬರಾಕತ್ಯಾರ. ಉಚ್ಚಿ ಚೀಲ ಅವರ ಕಣ್ಣಿಗೆ ಬೀಳಬಾರದು. ಅವರು ಹೋಗೂತನಕ ಕೈ ಹಚ್ಚಬ್ಯಾಡ.”

“ಅಕ್ಕಾರ, ನೀವ ಹೇಳಿದ್ರಲ್ರಿ, ಮ್ಯಾಲೆ ಇಡಬಾರದಂತ...”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನ ನಿನಗ?”

ನಂಬಿದ್ದಳು. ಸಾಹೇಬರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಹುಲಿಗೆವ್ವನ ಕೈಗೆ ಬಿಸ್ಕತ್ತಿನ ಪುಡಿಕೆ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರು. ಹತ್ತನೆಯ ದಿನ ಚಳಿ ಹಿಡಿಯಿತು. ಇವತ್ತು ಹನ್ನೊಂದನೆಯ ದಿನ; ಡಾಕ್ಟರ ಪಕ್ಕದಲ್ಲಿದ್ದ ಸುರೇಖಾಳತ್ತ ಕಸ್ತೂರೆಮ್ಮ ತಿರುಗಿದಳು.

“ಅಕ್ಕಾರ, ನೀವರ ಹೇಳ್ರಿ. ಚೀಲ ಮ್ಯಾಲೆ ಇಟ್ಟಾಕಿ ನಾ ಅಲ್ರಿ.”

ಸುರೇಖಾ ಥರ್ಮಾಮೀಟರು ಝಾಡಿಸಿದಳು. “ಇವ್ರಿಗೆ ಎಷ್ಟ ಹೇಳಿದ್ರೂ ಅಷ್ಟ ರೀ ಸರ್. ಚೀಲ ಮಗ್ಗಲಾಗ ಇಟ್ಕೊಂಡು ಮಲಗ್ತಾರ.”

ಕಸ್ತೂರೆಮ್ಮನಿಗೆ ಮುಖದ ಮೇಲೆ ಉಗುಳಿದಂತಾಯಿತು.

ಕೂಸನ್ನು ಹುಬ್ಬಳ್ಳಿಗೆ ಸಾಗಿಸಬೇಕೆಂದಾಯಿತು. ಸುರೇಖಾ ಕಾಗದ ತಂದು, ಕಸ್ತೂರೆಮ್ಮನ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ಒತ್ತಿದಳು. “ಹಚ್ಚು ಲಗೂನ. ಬರೇ ಕಳಸೂ ಕಾಗದ. ಇದಿಲ್ಲಂದ್ರ ಗಾಡಿ ಬಿಡಂಗಿಲ್ಲ.”

ಪಕ್ಕದ ಮಂಚದಲ್ಲಿ ಮೊಮ್ಮಗನ ಕಾಲು ಒತ್ತುತ್ತಿದ್ದ ಸೈದಾನಬಿ ಏಳನೇ ಇಯತ್ತೆ ಓದಿದವಳು. ಕತ್ತು ಚಾಚಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: “ಪೈಪು ಹಾಕಿದ್ದು ಮೂರು ದಿನ... ತಾಯಿ ಸ್ವಚ್ಛತೆ ಕಾಪಾಡದ ಕಾರಣ ಸೋಂಕು... ಯವ್ವಾ, ಇದು ಕಳಸೂ ಕಾಗದ ಅಲ್ಲ. ನಿನ್ನ ತಪ್ಪೊಪ್ಪಿಗಿ!”

“ನೀ ಬಾಯಿ ಮುಚ್ಚು, ಮುದುಕಿ” ಎಂದಳು ಸುರೇಖಾ.

ಕಸ್ತೂರೆಮ್ಮ ಶಾಯಿಯ ಬೆರಳನ್ನು ಮೇಲೆ ಹಿಡಿದು, ತಲೆದಿಂಬಿನ ಕಡೆಯಿಂದ ಮಂಚವನ್ನು ಮೊಣಕಾಲಿನಿಂದ ಸರಿಸಿದಳು. ಹಿಂದಿನ ಬಿಳಿ ಗೋಡೆಯ ಮೇಲೆ ಕಾಡಿಗೆಯ ಗೆರೆಗಳಿದ್ದವು. ಎಷ್ಟು ಸರದಿ ಇಟ್ಟಿಗೆ ಹೊತ್ತೆನೆಂದು ಬಾಯಿಮಾತಲ್ಲಿ ಹೇಳಿದರೆ ಭಟ್ಟಿಯ ಮೇಸ್ತ್ರಿ ನಂಬುವುದಿಲ್ಲ. ಸರದಿಗೊಂದು ಗೆರೆ ಎಳೆಯಬೇಕು. ಪೈಪು ಹಾಕಿದಂದಿನಿಂದ ದಿನಾ ಬೆಳಿಗ್ಗೆ ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಬೆರಳನ್ನೇ ಅವಳು ಗೋಡೆಗೂ ಎಳೆದಿದ್ದಳು.

“ಎಣಸ್ರಿ ಅಕ್ಕಾರ. ಹನ್ನೊಂದು ಅದಾವು. ಎಂಟನೇದು ನಿಮ್ಮ ಸಾಹೇಬ್ರು ಬಂದ ದಿನ.”

ಹನ್ನೊಂದನೆಯ ಗೆರೆಯ ಕೆಳಗೆ ಹೆಬ್ಬೆರಳನ್ನು ಬಲವಾಗಿ ಒತ್ತಿದಳು.

“ನನ್ನ ಹೆಬ್ಬೆಟ್ಟು ಇಲ್ಲೈತಿ. ಇದನ್ನ ಹರಕೊಂಡು ಹೋಗ್ರಿ.”

“ಒರಸ್ರಿ ಅದನ್ನ!” ಬಾಗಿಲಿನಿಂದ ಪ್ರಭುರಾಜನ ದನಿ ಬಂತು.

ಸುರೇಖಾ ಒದ್ದೆ ಅರಿವೆ ಹಿಡಿದು ಬಂದಳು. ಕಸ್ತೂರೆಮ್ಮ ಮಗಳನ್ನು ಎಡತೋಳಿನ ಮೇಲೆ ಮಲಗಿಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೊರಗೆ ಗಾಡಿ ಒಮ್ಮೆ ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ಹುಲಿಗೆವ್ವನ ಮೈ ಅವಳ ಎದೆಯನ್ನು ಸುಡುತ್ತಿತ್ತು. ಬಲಗೈಯಲ್ಲಿ ಆ ಚೀಲ. ಸುರೇಖಾ ಕಲಿಸಿದಂತೆಯೇ, ಮೊಣಕಾಲಿಗಿಂತ ಕೆಳಗೆ ಇಳಿಬಿಟ್ಟು ಹಿಡಿದಿದ್ದಳು.